ಗುಣಾಕಾರ ಎಲ್ಲೈತ್ರಿ?

ಕೆಲವರ ಮನೆಗೆ ನಗು ಹಬ್ಬ ಹುಣ್ಣಿಮೆಗೆ ಬಂದು ಹೋಗುತ್ತದೆ. ನಮ್ಮ ತವರಿನಲ್ಲಿ ಅದು ಹಾಸಿಗೆ ಸಮೇತ ಬಂದು ಉಳಿದುಬಿಟ್ಟಿದೆ. ಅದಕ್ಕೆ ಕಾರಣ ನನ್ನ ತಮ್ಮನ ಮಗಳು ಮತ್ತು ಅವಳ ಕೈಯೊಳಗಿನ ಫೋನು.

ಯಾರು ಯಾರು ಅಂತ ಮೊದಲೇ ಹೇಳಿಬಿಡುತ್ತೇನೆ. ನಾನು ವಿಜಯಪುರದ ಅಥಣಿ ರಸ್ತೆಯ ಒಂದು ಶಾಲೆಯಲ್ಲಿ ಅತಿ ಚಿಕ್ಕ ಮಕ್ಕಳ ಟೀಚರು. ಎಂ.ಎ. ಮಾಡಿ ಮೂಗು ಒರೆಸುವ ಕೆಲಸಕ್ಕೆ ಸೇರಿದವಳು. ಎರಡರಲ್ಲಿ ಯಾವ ವಿದ್ಯೆ ಹೆಚ್ಚು ಉಪಯೋಗಕ್ಕೆ ಬಂತೆಂದು ದಯವಿಟ್ಟು ಕೇಳಬೇಡಿ. ತವರು ತಿಕೋಟಾ. ಅಲ್ಲಿ ಅಪ್ಪ, ತಮ್ಮ, ತಮ್ಮನ ಹೆಂಡತಿ, ದ್ರಾಕ್ಷಿ ಪಡ ಅಂದರೆ ತೋಟ, ಒಣದ್ರಾಕ್ಷಿಯ ಶೆಡ್ಡು. ಮತ್ತು ನಾಲ್ಕು ತುಂಬಿ ಐದಕ್ಕೆ ಬಿದ್ದ ಆ ಹುಡುಗಿ. ಎಲ್ಲರ ಬಾಯಲ್ಲೂ ಅವಳು ಸಣ್ಣಾಕಿ.

ಸಣ್ಣಾಕಿ ಮನೆಯಲ್ಲಿ ಅರಳು ಹುರಿದ ಹಾಗೆ ಮಾತಾಡುತ್ತಾಳೆ. ಹೊರಗಿನವರು ಬಂದರೆ ಬಾಯಿ ಹೊಲಿದ ಚೀಲ. ಇದಕ್ಕೆ ಬಬಲೇಶ್ವರದ ಬೀಗತಿ, ಅಂದರೆ ತಮ್ಮನ ಹೆಂಡತಿಯ ತಾಯಿ, ಕಾರಣ ಕಂಡುಹಿಡಿದಿದ್ದರು.

"ಫೋನ್ ಕೂಸಿನ್ನ ಮೂಕಿ ಮಾಡೇತಿ. ನೀ ಕೆಲಸದ ನೆವಾ ಹೇಳಿ ಆಟ ಹಚ್ಚಿ ಕೊಡ್ತಿ, ಅದು ಗಿಣಿಮರಿ ಆಗೂದ ಬಿಟ್ಟು ಗ್ವಾಡಿ ಆಗೇತಿ" ಅಂತ ಮಗಳಿಗೆ ಹೇಳಿ, ತೀರ್ಪನ್ನೂ ಕೊಟ್ಟರು. "ಸಾಲಿಗೆ ಹಚ್ಚೂ ದಿನಾ ಟೀಚರ್ ಮುಂದ ಬಾಯಿ ಬಿಟ್ಟಳು, ಛಲೋ ಆತು. ಬಿಡಲಿಲ್ಲ, ಒಂದ್ ವರ್ಸ ನನ್ನ ಕಡೆ ಬಬಲೇಶ್ವರಕ್ಕ ಕಳಸು. ಫೋನ್ ಇಲ್ಲ, ಗೀನ್ ಇಲ್ಲ. ನಾ ಕಲಸ್ತೀನಿ ಮಾತು."

ತಮ್ಮನ ಹೆಂಡತಿ ತಾಯಿಗೆ ಎದುರು ಆಡುವವಳಲ್ಲ. ನನ್ನ ಹತ್ತಿರ ಬಂದು ಇಷ್ಟೇ ಅಂದಳು: "ಅಕ್ಕಾರ, ಕೂಸಿಲ್ಲದ ಮನ್ಯಾಗ ನಾ ಹೆಂಗ ಇರ್ಲಿ?"

ಆ ಮುಖ ನೋಡಿ ಮಾತು ಕೊಟ್ಟುಬಿಟ್ಟೆ. ನಮ್ಮ ಶಾಲೆಗೆ ಸೇರಿಸುವ ದಿನ ಸಣ್ಣಾಕಿಯನ್ನು ಮಾತಾಡಿಸುವುದು ನನ್ನ ಜವಾಬ್ದಾರಿ. ಅಲ್ಲಿಂದ ಆ ಫೋನಿನ ಆಟಗಳನ್ನು ನಾನೂ ಕಣ್ಣಿಟ್ಟು ನೋಡತೊಡಗಿದೆ.

೧. ಟಿಂಗ್

ಒಂದು ಆಟದಲ್ಲಿ ಬಣ್ಣದ ಗೋಲಿಗಳನ್ನು ಅದೇ ಬಣ್ಣದ ಬಟ್ಟಲಿಗೆ ಹಾಕಬೇಕು. ಸರಿಯಾಗಿ ಹಾಕಿದರೆ 'ಟಿಂಗ್' ಎಂಬ ಸದ್ದು, ಜೊತೆಗೆ ಒಂದು ಚುಕ್ಕಿ. ನಾನು ಚಾರ್ಟು ಹಿಡಿದು ಮಳೆಗಾಲದಿಂದ ದೀಪಾವಳಿಯವರೆಗೆ ಕಲಿಸುವ ಬಣ್ಣಗಳನ್ನು ಸಣ್ಣಾಕಿ ಎರಡು ಊಟದ ನಡುವೆ ಕಲಿತಳು. ಟೀಚರಾಗಿ ಹೊಟ್ಟೆ ಉರಿಯಿತು, ಅತ್ತೆಯಾಗಿ ಎದೆ ಉಬ್ಬಿತು.

ಅಷ್ಟಕ್ಕೇ ನಿಲ್ಲಲಿಲ್ಲ. ಶೆಡ್ಡಿನಲ್ಲಿ ಒಣದ್ರಾಕ್ಷಿಯ ತಾಟಿನ ಮುಂದೆ ಕೂತು ಹಸಿರು ಒಂದು ಕಡೆ, ಕಂದು ಒಂದು ಕಡೆ ಆರಿಸಿಟ್ಟಳು. ಒಂದೂ ತಪ್ಪಿಲ್ಲ. ಅಪ್ಪ ಓಣಿಯ ತುಂಬ ಹೇಳಿಕೊಂಡು ಬಂದರು. ಮರುದಿನ ಮತ್ತೆ ಕೂಡಿಸಿದರೆ, ಹುಡುಗಿ ಒಂದು ಕಾಳು ಹಾಕಿ ಕೈ ಮೇಲೆತ್ತಿಕೊಂಡು ಕೂತುಬಿಟ್ಟಳು.

"ಯಾಕ ಬೇ, ನಿಲ್ಲಿಸಿದಿ?"

"ಮುತ್ಯಾ, ಟಿಂಗ್ ಅನ್ನವಲ್ದು."

ಮೊಮ್ಮಗಳ ಕೆಲಸ ನಿಲ್ಲಬಾರದಲ್ಲ. ಅಪ್ಪ ರುಮಾಲು ತೆಗೆದು ಪಕ್ಕಕ್ಕಿಟ್ಟು, ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತರು. ಒಂದು ಕಾಳು, ಒಂದು 'ಟಿಂಗ್'. ಮತ್ತೊಂದು ಕಾಳು, ಮತ್ತೊಂದು 'ಟಿಂಗ್'. ಅದೇ ಹೊತ್ತಿಗೆ ಮಮದಾಪುರದಿಂದ ಅಪ್ಪನ ಹಳೆಯ ಗೆಳೆಯರೊಬ್ಬರು ಬಂದರು. ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ನೋಡಿದರು. ಚಪ್ಪಲಿ ಬಿಡಲಿಲ್ಲ. ತಮ್ಮನನ್ನು ಮೆಲ್ಲಗೆ ಬದಿಗೆ ಕರೆದು ಕೇಳಿದರು:

"ಹಿರ್ಯಾರಿಗೆ ಯಾವಾಗಿಂದ ಹಿಂಗ?"

೨. ಕರಡಿ ಮರಿಗೆ ತಿಂಡಿ

ಎರಡನೆಯ ಆಟ ಕನ್ನಡದ್ದು. ಕನ್ನಡವೆಂದರೆ ಬೆಂಗಳೂರಿನದು. ಪರದೆಯ ಮೇಲೆ ಒಂದು ಕರಡಿ ಮರಿ, ಸುತ್ತ ಬಾಳೆಹಣ್ಣು, ಜೇನು, ರೊಟ್ಟಿ. ಜೇನಿನಂಥ ದನಿಯ ಒಬ್ಬ ಹೆಣ್ಣುಮಗಳು ಹೇಳುತ್ತಾಳೆ: "ಕರಡಿ ಮರಿಗೆ ತಿಂಡಿ ಕೊಡು."

ನಮ್ಮ ಕಡೆ ಬೆಳಿಗ್ಗೆ ತಿನ್ನುವುದು ನಾಷ್ಟಾ. ತಿಂಡಿ ಎಂದರೆ ಮೈ ತುರಿಕೆ, ಕಾಲು ಕೆರೆದು ಜಗಳಕ್ಕೆ ನಿಲ್ಲುವ ಚಟ. "ನಿನಗ ತಿಂಡಿ ಆಗೇತೇನು?" ಎಂದು ತಾಯಿ ಕೇಳಿದರೆ ಉತ್ತರಕ್ಕೆ ಕಾಯುವುದಿಲ್ಲ, ಮುಂದಿನದು ನೇರ ಬೆನ್ನಿಗೆ ಏಟು.

ಅಡುಗೆ ಮನೆಯಲ್ಲಿದ್ದ ತಮ್ಮನ ಹೆಂಡತಿಗೆ ಪಡಸಾಲೆಯಿಂದ ರೊಟ್ಟಿ ಬಡಿದಂಥ ಸದ್ದು ಕೇಳಿತು. ರೊಟ್ಟಿ ಬಡಿಯುತ್ತಿರುವವಳು ತಾನೇ ಅಲ್ಲವೇ ಎಂದು ಹೊರಗೆ ಬಂದು ನೋಡಿದರೆ, ಸಣ್ಣಾಕಿ ಫೋನನ್ನು ನೆಲಕ್ಕಿಟ್ಟು ಕರಡಿಗೆ ಪಟಪಟ ಬಾರಿಸುತ್ತಿದ್ದಾಳೆ. ಆ ಹೆಣ್ಣುಮಗಳೋ, "ಇನ್ನೊಮ್ಮೆ ಪ್ರಯತ್ನಿಸು" ಅನ್ನುತ್ತಿದ್ದಾಳೆ. ಇವಳು ಇನ್ನಷ್ಟು ಜೋರಾಗಿ ಪ್ರಯತ್ನಿಸುತ್ತಿದ್ದಾಳೆ.

"ಯಾಕ ಹೊಡ್ಯಾಕತ್ತಿ ಅದಕ್ಕ?"

"ನಾ ಅಲ್ಲ ಬೇ, ಅವರ ಹೇಳಾಕತ್ತಾರ. ಎಷ್ಟ ಕೊಟ್ರೂ ಸಾಲವಲ್ದಂತ."

ಪರದೆಗೆ ಮೂಲೆಯಿಂದ ಮೂಲೆಗೆ ಸೀಳು ಬಿದ್ದಿತ್ತು. ಕರಡಿ ಮಾತ್ರ ಆ ಸೀಳಿನ ಹಿಂದೆ ನಗುತ್ತಲೇ ಇತ್ತು. ಸಣ್ಣಾಕಿ ಅದನ್ನು ನೋಡಿ ಮರುಗಿದಳು.

"ಅಳವಲ್ದು ನೋಡ ಬೇ. ಅದರವ್ವ ನಿನಗಿಂತ ಜೋರ ಕಾಣ್ತಾಳ."

೩. ಕೆಂಪು ಗುಂಡಿ

ಆಟದಿಂದ ಕೆಡುಕೂ ಉಂಟು, ಮುಚ್ಚಿಡುವುದಿಲ್ಲ. ಫೋನಿಲ್ಲದೆ ತುತ್ತು ಇಳಿಯದ ದಿನಗಳಿದ್ದವು. ಕಸಿದುಕೊಂಡರೆ ಊರಿಗೆ ಕೇಳುವಂಥ ಅಳು. ಇನ್ನೊಂದು, ಆಟ ನಡೆದಾಗ ಲೋಕದ ಬೇರೆ ಎಲ್ಲ ವ್ಯವಹಾರವೂ ಅಡ್ಡಿ ಅನ್ನಿಸುವುದು.

ಅಪ್ಪನ ಫೋನಿನಲ್ಲಿ ಆಕಳಿಗೆ ಮೇವು ಹಾಕುವ ಆಟವಿತ್ತು. ಮೇವು ಹಾಕುವಾಗಲೇ ಯಾರದೋ ಕರೆ ಬಂದು ಆಕಳು ಮಾಯವಾಗುತ್ತಿತ್ತು. ಸಣ್ಣಾಕಿ ಕೆಂಪು ಗುಂಡಿ ಒತ್ತುವಳು, ಆಕಳು ಮರಳಿ ಬರುವುದು. ಹಾಗೆ ಅವಳು ಒಂದು ದಿನವಿಡೀ ಒತ್ತಿ ಓಡಿಸಿದ್ದು ಒಣದ್ರಾಕ್ಷಿ ಕೊಳ್ಳುವ ವಿಜಯಪುರದ ವ್ಯಾಪಾರಿಯನ್ನು. ಅವನ ಕರೆಗಾಗಿ ಅಪ್ಪ ಕಟ್ಟೆಯ ಮೇಲೆ ಕೂತು ವಾರದಿಂದ ಕಾಯುತ್ತಿದ್ದರು.

ಸಂಜೆ ವ್ಯಾಪಾರಿ ತಾನೇ ಬೈಕು ಹತ್ತಿ ಶೆಡ್ಡಿಗೆ ಬಂದ.

"ಏನ್ರಿ ಯಜಮಾನ್ರ, ಫೋನ್ ಮಾಡಿ ಮಾಡಿ ಬಟ್ಟು ಸವದಾವು. ಬರೇ ಕಟ್ ಮಾಡ್ತೀರಲ್ಲ. ಬ್ಯಾರೆ ಯಾರರ ಬಂದು ಮಾಲು ನೋಡಿ ಹೋಗ್ಯಾರೇನು?"

ಅಪ್ಪನಿಗೆ ತಲೆಬುಡ ಗೊತ್ತಿಲ್ಲ. ಕಂಬದ ಹಿಂದೆ ಫೋನು ಬೆನ್ನಿಗೆ ಮುಚ್ಚಿಟ್ಟು ನಿಂತ ಮೊಮ್ಮಗಳು ಕಣ್ಣಿಗೆ ಬಿದ್ದಳು. ಹುಟ್ಟಿದಾಗಿನಿಂದ ಸಂತೆ ಕಂಡ ಮನುಷ್ಯ; ಮೀಸೆ ಸವರಿಕೊಂಡು, "ನೋಡೋಣಂತ್ರಿ, ಇನ್ನೂ ವಿಚಾರ ಮಾಡಾಕತ್ತೇವಿ" ಅಂದರು.

ವ್ಯಾಪಾರಿ ಚಹಾ ಆರುವ ಮೊದಲೇ ಅಪ್ಪ ಬಯಸಿದ ದರಕ್ಕೆ ಒಪ್ಪಿಕೊಂಡು ಹೋದ. ಈಗ ಅವನ ಹೆಸರು ಪರದೆಯ ಮೇಲೆ ಬಂದರೆ ಅಪ್ಪ ಫೋನು ಎತ್ತುವುದಿಲ್ಲ. ಮೊಮ್ಮಗಳ ಕಡೆ ಚಾಚುತ್ತಾರೆ.

"ನೀ ಕಟ್ ಮಾಡವಾ. ನಿನ್ನ ಕೈಗುಣ ಛಲೋ ಐತಿ."

೪. ಬಸ್ಸಿನಲ್ಲಿ ಸೆರಗು

ಈ ಪುಕ್ಕಟೆ ಆಟಗಳ ದೊಡ್ಡ ರೋಗ ಜಾಹೀರಾತು. ಆಟ ರಂಗೇರುವ ಹೊತ್ತಿಗೆ ಸರಿಯಾಗಿ ಯಾವುದೋ ಸೋಪು, ಯಾವುದೋ ಸಾಲದ ಕಂಪನಿ. ಸ್ವಲ್ಪ ಕಾದರೆ ಮೇಲಿನ ಮೂಲೆಯಲ್ಲಿ ಸಣ್ಣದೊಂದು × ಗುರುತು ಮೂಡುತ್ತದೆ. ಅದನ್ನು ಒತ್ತಿದರೆ ಜಾಹೀರಾತು ಬಂದ್.

ಆ ಗುರುತು ಏನೆಂದು ಸಣ್ಣಾಕಿ ತನ್ನ ಮುತ್ಯಾನನ್ನು ಕೇಳಿದಳು. ಅಪ್ಪ ತಮ್ಮ ಕಾಲದ ಗಣಿತ ನೆನಪಿಸಿಕೊಂಡು, "ಅದು ಗುಣಾಕಾರ, ಒತ್ತು" ಅಂದರು. ಅಂದಿನಿಂದ ಅವಳ ಪಾಲಿಗೆ ಗುಣಾಕಾರವೆಂದರೆ ಅದೇ.

ಒಮ್ಮೆ ಬಬಲೇಶ್ವರದಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆವು. ನಾನು, ತಮ್ಮನ ಹೆಂಡತಿ, ಅವಳ ತಾಯಿ, ಆ ತಾಯಿಯ ತೊಡೆಯ ಮೇಲೆ ಸಣ್ಣಾಕಿ. ಸಣ್ಣಾಕಿಗೆ ಅವರು ಆಯಿ. ಫೋನು ಮಾತು ಕೆಡಿಸಿದೆ, ಮಾತಿನಿಂದಲೇ ಮಾತು ಬರಬೇಕು ಎಂದು ಆಯಿ ಕಥೆ ಶುರು ಮಾಡಿದರು. ತಮ್ಮ ಮನೆಯ ಎಮ್ಮೆಯ ಕಥೆ. ಎಮ್ಮೆಯ ತಾಯಿ, ತಾಯಿಯ ತಾಯಿ, ಅದನ್ನು ಮಾರಿದವರ ಬೀಗರು. ಕಥೆ ಬಬಲೇಶ್ವರದಲ್ಲಿ ಬಸ್ಸು ಹತ್ತಿತ್ತು. ವಿಜಯಪುರ ಕಣ್ಣಿಗೆ ಬಿದ್ದರೂ ಎಮ್ಮೆ ಇನ್ನೂ ಈದಿರಲಿಲ್ಲ.

ಸಣ್ಣಾಕಿ ನಿಧಾನ ಕೈ ಎತ್ತಿ, ಆಯಿಯ ತಲೆಯ ಮೇಲಿನ ಸೆರಗಿನ ಮೂಲೆಯನ್ನು ಬೆರಳಿಂದ ಒತ್ತಿದಳು. ಆಯಿ ಮುಂದುವರಿಸಿದರು. ಮತ್ತೆ ಒತ್ತಿದಳು, ಸ್ವಲ್ಪ ಒತ್ತಿ ಹಿಡಿದಳು. ಆಯಿಯ ಕಣ್ಣು ತುಂಬಿ ಬಂತು.

"ನೋಡ್ರಿ ಟೀಚರ, ನನ್ನ ಸೆರಗು ಜಾರಿದ್ದು ನೋಡಿ ಸರಿ ಮಾಡಾಕತ್ತಾಳ. ಮಾತಿಲ್ಲ ಖರೆ, ಜೀವ ಎಷ್ಟೈತಿ ನೋಡ್ರಿ ನನ್ನ ಮ್ಯಾಲ."

ನಾನೂ ತಮ್ಮನ ಹೆಂಡತಿಯೂ ಕಿಟಕಿಯ ಹೊರಗೆ ನೋಡತೊಡಗಿದೆವು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

೫. ಸಾಲಿಗೆ ಹಚ್ಚಿದ ದಿನ

ಆ ದಿನ ಬಂದೇ ಬಿಟ್ಟಿತು. ನಮ್ಮ ಹೆಡ್ ಮಿಸ್ ಮೈಸೂರು ಕಡೆಯವರು, ಗಂಡನ ನೌಕರಿಯ ಜೊತೆ ಈ ಊರಿಗೆ ಬಂದವರು. ಒಳ್ಳೆಯ ಹೆಂಗಸು, ಮಾತು ತುಸು ಉದ್ದ. ನನ್ನನ್ನು ಕೋಣೆಯ ಮೂಲೆಯಲ್ಲಿ ಕೂಡಿಸಿ ಮೊದಲೇ ಹೇಳಿದರು: "ನಿಮ್ಮ ಸಂಬಂಧಿಕರ ಮಗು ಅಲ್ವಾ, ನೀವು ಒಂದಕ್ಷರ ಹೇಳಿಕೊಡಬಾರದು."

ಅಪ್ಪ ಮತ್ತು ಆಯಿ ಹೊರಗೆ ಕಿಟಕಿಯ ಕೆಳಗಿನ ಬೆಂಚಿನಲ್ಲಿ ಕೂತರು. ತಮ್ಮನ ಹೆಂಡತಿ ಮಗಳ ಕೈ ಹಿಡಿದು ಒಳಗೆ ಬಂದಳು. ಹಾದಿಯುದ್ದಕ್ಕೂ ಸಣ್ಣಾಕಿ ಹುರುಪಿನಲ್ಲಿದ್ದಳು, ಇವತ್ತು ಗೆದ್ದೆವು ಎಂದುಕೊಂಡಿದ್ದೆ. ಹೆಡ್ ಮಿಸ್ ನಗುತ್ತ ಬಾಗಿ ಕೇಳಿದರು:

"ಬಾ ಪುಟ್ಟ. ಬೆಳಗ್ಗೆ ತಿಂಡಿ ಆಯ್ತಾ?"

ಸಣ್ಣಾಕಿಯ ಒಂದು ಕೈ ಬೆನ್ನಿಗೆ ಹೋಯಿತು. ಮರುಗಳಿಗೆ ಅವಳು ತಾಯಿಯ ಸೀರೆಯ ಹಿಂದೆ. ನನಗೆ ಎಲ್ಲ ತಿಳಿಯಿತು, ಆದರೆ ಬಾಯಿಗೆ ಬೀಗ.

ಚಾರ್ಟು ಬಂತು. ಇದು ಯಾವ ಹಣ್ಣು? ಮಾತಿಲ್ಲ. ಇದು ಯಾವ ಬಣ್ಣ? ಮಾತಿಲ್ಲ. ಕಿಟಕಿಯ ಹೊರಗಿಂದ ಆಯಿಯ ಕೆಮ್ಮು ಕೇಳಿತು. ಆ ಕೆಮ್ಮಿನಲ್ಲಿ 'ನಾ ಹೇಳಿದ್ದಿಲ್ಲೇನು' ಎಂಬುದು ಸ್ಪಷ್ಟವಾಗಿತ್ತು. ತಮ್ಮನ ಹೆಂಡತಿಯ ಮುಖ ಬಾಡಿತು.

ಹೆಡ್ ಮಿಸ್ ಚಾರ್ಟು ಮಡಚಿ ತಾಯಿಗೆ ತಿಳುವಳಿಕೆ ಹೇಳತೊಡಗಿದರು. ಉಗುರು, ನೀರಿನ ಬಾಟಲಿ, ತಂದೆತಾಯಿಯ ಕರ್ತವ್ಯ. ಈ ಭಾಷಣ ನಮ್ಮ ಶಾಲೆಯವರಿಗೆಲ್ಲ ಗೊತ್ತು, ಗಂಟೆ ಹೊಡೆಯದೆ ಮುಗಿಯುವುದಿಲ್ಲ. "ಈ ಮೊಬೈಲಿನಿಂದ ಮಕ್ಕಳು..." ಎಂಬಲ್ಲಿಗೆ ಬಂದಾಗ ಸಣ್ಣಾಕಿ ಸೀರೆಯ ಹಿಂದಿನಿಂದ ಹೊರಟಳು. ಕುರ್ಚಿ ಹತ್ತಿದಳು. ಮೇಜಿನ ಮೇಲೆ ಬಾಗಿ ಹೆಡ್ ಮಿಸ್ಸರ ಕನ್ನಡಕದ ಮೂಲೆಯನ್ನು ಬೆರಳಿಂದ ಒತ್ತಿದಳು.

ಭಾಷಣ ನಿಂತಿತು. ನನ್ನ ಸೇವೆಯಲ್ಲಿ ಅದು ನಡುವೆ ನಿಂತದ್ದು ಅದೇ ಮೊದಲು.

"ಏನು ಬೇಕಮ್ಮಾ?"

ಸಣ್ಣಾಕಿ ಬಾಯಿ ಬಿಟ್ಟಳು. "ಗುಣಾಕಾರ ಎಲ್ಲೈತ್ರಿ?"

ಹೆಡ್ ಮಿಸ್ ಕಣ್ಣರಳಿಸಿ ನನ್ನ ಕಡೆ ನೋಡಿದರು. "ಟೀಚರ್, ಈ ವಯಸ್ಸಿಗೆ ಗುಣಾಕಾರ ಕಲಿಸಿದ್ದೀರಾ?" ಮಾತಾಡಬಾರದೆಂಬ ಅಪ್ಪಣೆಯಿತ್ತಲ್ಲ, ನಾನು ಅದನ್ನು ಶಿಸ್ತಾಗಿ ಪಾಲಿಸಿದೆ. ಅವರು ಮಗುವನ್ನೇ ಕೇಳಿದರು.

"ಗುಣಾಕಾರ ಅಂದ್ರೆ ಏನು ಅಂತ ಗೊತ್ತಾ ನಿನಗೆ?"

"ಹೂಂ ರೀ. ಯಾರರ ಭಾಳ ಹೊತ್ತು ಮಾತಾಡಿದ್ರ ಒತ್ತೂದ್ರಿ. ಆಮ್ಯಾಲ ಆಟ ಚಾಲೂ ಆಗ್ತೈತ್ರಿ."

ತಮ್ಮನ ಹೆಂಡತಿ ಕಣ್ಣು ಮುಚ್ಚಿಕೊಂಡಳು. ಹೆಡ್ ಮಿಸ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ನಕ್ಕರು ನೋಡಿ, ಕಣ್ಣೊರೆಸಿಕೊಳ್ಳಲು ಸೆರಗು ಸಾಲಲಿಲ್ಲ. ಚಾರ್ಟು ಮತ್ತೆ ಬಿಚ್ಚಿಕೊಂಡಿತು, ಆಟ ನಿಜವಾಗಿ ಚಾಲೂ ಆಯಿತು. ಹಣ್ಣು, ಬಣ್ಣ, ಎಣಿಕೆ, ಎಲ್ಲಕ್ಕೂ ಟಕಟಕ ಉತ್ತರ. "ಇದು ಆಕಳು ಅಲ್ವಾ?" ಎಂದರೆ, "ಅಲ್ರಿ, ಹೋರಿ. ಡುಬ್ಬ ನೋಡ್ರಿ" ಎಂದು ಹೆಗಲ ಮೇಲಿನ ಉಬ್ಬು ತೋರಿಸಿ ನಮ್ಮ ಶಾಲೆಯ ಚಾರ್ಟನ್ನೇ ತಿದ್ದಿದಳು.

ಆದರೆ ಒಂದೊಂದು ಉತ್ತರಕ್ಕೂ ಕೈ ಮೇಲೆತ್ತಿ ಕಾಯುವಳು. ಏನಿದು ಎಂದು ಹೆಡ್ ಮಿಸ್ ನೋಡುವಷ್ಟರಲ್ಲಿ ಕಿಟಕಿಯ ಹೊರಗಿಂದ ಅಪ್ಪನ ಗಡಸು ದನಿ ಬಂತು: "ಟಿಂಗ್."

ಕೊನೆಗೆ ಹೆಡ್ ಮಿಸ್, "ಇಷ್ಟು ಚೆನ್ನಾಗಿ ಮಾತಾಡ್ತೀಯ, ಮೊದಲು ಯಾಕೆ ಸುಮ್ಮನಿದ್ದೆ?" ಎಂದರು.

"ಬಂದ ಕೂಡ್ಲೆ ತಿಂಡಿ ಆತೇನ್ ಅಂದ್ರಲ್ರಿ. ನಾ ಇನ್ನೂ ಏನೂ ಮಾಡಿದ್ದಿಲ್ರಿ."

ಸೇರಿಸಿಕೊಂಡರು. ನಾನು ಆ ಕೋಣೆಯಿಂದ ಹೊರಗೆ ಬಂದ ನಡಿಗೆ ನೋಡಿದ್ದರೆ, ಎಂ.ಎ. ಪದವಿಯನ್ನು ಅವತ್ತೇ ಪಡೆದವಳು ಅಂದುಕೊಳ್ಳುತ್ತಿದ್ದಿರಿ.

ತಮ್ಮನ ಗಾಡಿಯಲ್ಲಿ ಎಲ್ಲರೂ ತಿಕೋಟಾಕ್ಕೆ ಹೊರಟೆವು. ಆಯಿ ಮಗಳಿಗೆ ಅಂದರು: "ಆತು, ಕೂಸು ನಿನ್ನ ಕಡೇನ ಇರ್ಲಿ. ಉಣ್ಣೂ ಮುಂದ ಮಾತ್ರ ಫೋನ್ ಬ್ಯಾಡ." ಅದು ನ್ಯಾಯದ ಮಾತೇ, ಮಗಳು ಹೂಂ ಅಂದಳು. ಅವಳ ಮುಖ ನೋಡಿ ನನಗೆ ಅವತ್ತಿನ ಊಟ ಅಲ್ಲೇ ಆದಂತಾಯಿತು.

ಆಯಿ ಮೊಮ್ಮಗಳನ್ನು ತೊಡೆಗೆ ಎಳೆದುಕೊಂಡರು. "ಅಲ್ಲ ಬೇ, ಆ ಬಾಯಾರ ಚಾಳೀಸ ಯಾಕ ಮುಟ್ಟಿದಿ?" ಅವರು ಕಿಟಕಿಯಿಂದ ಇಣುಕಿದ್ದರು, ಹೆಡ್ ಮಿಸ್ಸರ ಕನ್ನಡಕಕ್ಕೆ ಬೆರಳು ಹೋದದ್ದು ಕಂಡಿತ್ತು.

ಸಣ್ಣಾಕಿ ಗುಣಾಕಾರವೆಂದರೇನು, ಯಾವಾಗ ಒತ್ತಬೇಕು, ಯಾವ ಮೂಲೆಯಲ್ಲಿರುತ್ತದೆ ಎಂದು ಬಿಡಿಸಿ ಹೇಳಿದಳು. ಆಯಿ ಮೆಚ್ಚಿ ತಲೆ ಆಡಿಸುತ್ತಿದ್ದವರು ಒಮ್ಮೆಲೇ ಅದನ್ನು ನಿಲ್ಲಿಸಿದರು. ಕೈ ತಾನಾಗಿ ತಲೆಯ ಮೇಲಿನ ಸೆರಗಿಗೆ ಹೋಯಿತು.

"ಹಂಗಾರ ಅವತ್ತ ಬಸ್ಸಿನ್ಯಾಗ... ನನ್ನ ಸೆರಗು?"

"ಹೂಂ ಆಯಿ" ಅಂದಳು ಸಣ್ಣಾಕಿ. "ಎಷ್ಟ ಒತ್ತಿದ್ರೂ ನೀ ಬಂದ್ ಆಗಲೇ ಇಲ್ಲ."