ಆರನೇ ಸಾಲು

ಮನೆಯ ಗೋಡೆಗೆ ಸುಣ್ಣ ಬಳಿದದ್ದೇ ನಾನು ಮಾಡಿದ ಮಹಾಪರಾಧ ಎಂದರೆ ನೀವು ನಗುತ್ತೀರಿ. ನಗಿ. ನಾನೂ ಅವತ್ತು ನಗುನಗುತ್ತಲೇ ಬಳಿದೆ.

ತೊಂಬತ್ತೊಂದನೇ ಇಸವಿ. ಕುಡುಮಲಕುಂಟೆಯ ನಮ್ಮ ಕಾರ್ಖಾನೆಗೆ ಕಂಪ್ಯೂಟರ್ ಬಂತು. ಗುಮಾಸ್ತನಾದ ನನ್ನನ್ನು ಒಂದು ವಾರ ಬೆಂಗಳೂರಿಗೆ ತರಬೇತಿಗೆ ಕಳಿಸಿದರು. ಅಲ್ಲಿ ಫ್ಲೋಚಾರ್ಟ್ ಎಂಬ ದಿವ್ಯಭಾಷೆ ಕಲಿತೆ. ಚೌಕ ಅಂದರೆ ಕೆಲಸ, ವಜ್ರದಾಕಾರ ಅಂದರೆ ಪ್ರಶ್ನೆ, ಬಾಣ ಅಂದರೆ ಮುಂದಿನ ದಾರಿ. ಈ ಭಾಷೆಯಲ್ಲಿ ಬರೆಯಲಾಗದ ಕೆಲಸವೇ ಜಗತ್ತಿನಲ್ಲಿಲ್ಲ ಎಂದರು ಮೇಷ್ಟರು. (ಅವರು ರೇಷ್ಮೆಹುಳು ಸಾಕಿದವರಲ್ಲ.)

ನನ್ನ ಹೆಂಡತಿ ವೆಂಕಟರತ್ನಮ್ಮ ಸಾಕಿದ್ದಳು. ಪಕ್ಕದ ಕೋಣೆಯಲ್ಲಿ ಎಂಟು ತಟ್ಟೆ ಹುಳು, ಯಾರ ನೆರವೂ ಇಲ್ಲದೆ ಅವಳು ಮಾಡಿದ ಮೊದಲ ಬೆಳೆ. ಗೂಡನ್ನು ತಾನೇ ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯಬೇಕೆಂದು ಹಳೇ ಸೀರೆಯಲ್ಲಿ ಚೀಲವನ್ನೂ ಹೊಲಿದಿಟ್ಟಿದ್ದಳು. ಗೋಡೆ ತುಂಬ ಇದ್ದಿಲಿನ ಗೀಟುಗಳು, ತಟ್ಟೆಗೊಂದು ಸಾಲು.

"ಇದೇನೇ, ಕೋಳಿ ಕೆದರಿದ ಹಾಗೆ?" ಅಂದೆ.

"ಕೋಳಿಗಾದ್ರೂ ಅರ್ಥ ಆಗ್ತೈತೆ ಬಿಡಿ. ತಂಗಿ ಮಗು ನೋಡ್ಕೊಂಡು ಎರಡು ದಿನದಲ್ಲಿ ಮುರುಗಮಲ್ಲದಿಂದ ಬರ್ತೀನಿ. ಗೋಡೆ ನೋಡ್ಕೊಂಡು, ಎಷ್ಟು ಗೀಟೋ ದಿನಕ್ಕೆ ಅಷ್ಟು ಸಲ ಸೊಪ್ಪು ಹಾಕಿ. ಕತ್ತರಿ ಗುರುತು ಹಾಕಿರೋದು ಜ್ವರಕ್ಕೆ ಕೂತಿರೋ ತಟ್ಟೆ. ಏಳೋ ತನಕ ಮುಟ್ಟಬೇಡಿ, ಸೊಪ್ಪು ಹಾಕಬೇಡಿ."

ಜ್ವರವೆಂದರೆ ಕಾಯಿಲೆಯಲ್ಲ. ಪೊರೆ ಕಳಚುವ ಮುಂಚೆ ಹುಳು ಮೇವು ಬಿಟ್ಟು, ತಲೆಯೆತ್ತಿಕೊಂಡು, ಕದಲದೆ ಕೂರುತ್ತದೆ.

ಅವಳ ಬಸ್ಸು ಹೊರಟಿತು, ನಾನು ಸುಣ್ಣ ಕಲಸಿದೆ. ಬೆಳ್ಳಗಾದ ಗೋಡೆಯ ಮೇಲೆ ನನ್ನ ಮಹಾನಕ್ಷೆ ಮೂಡಿತು. ನಡುವೆ ಒಂದು ಭರ್ಜರಿ ವಜ್ರ: "ಹುಳು ಜ್ವರದಿಂದ ಎದ್ದವೇ?" ಮಾರನೇ ಬೆಳಿಗ್ಗೆ ಮೇಲಿನ ತಟ್ಟೆ ನೋಡಿದೆ. ಎದ್ದಿದ್ದವು! ಬಾಣ ಹೇಳಿದಂತೆ ಎಂಟಕ್ಕೂ ಸೊಪ್ಪು ಸುರಿದೆ. ಎಂಟು ತಟ್ಟೆಯೂ ಒಂದೇ ದಿನ ಏಳುವುದಿಲ್ಲ ಎಂಬುದಕ್ಕೆ ನನ್ನ ನಕ್ಷೆಯಲ್ಲಿ ಚೌಕವಿರಲಿಲ್ಲ.

ವೆಂಕಟರತ್ನಮ್ಮ ಬಂದವಳು ಬಾಗಿಲಲ್ಲೇ ನಿಂತಳು.

"ಗೋಡೆ ಎಲ್ರೀ?"

"ಎದುರಿಗೇ ಇದೆಯಲ್ಲ, ಬೆಳ್ಳಗೆ!"

"ಅಯ್ಯೋ ದೇವುಡಾ, ನನ್ನ ಗೋಡೆ ಎಲ್ಲಿ ಅಂದೆ!"

ಇನ್ನೂ ಜ್ವರಕ್ಕೆ ಕೂತಿದ್ದ ಕೆಳಗಿನ ಮೂರು ತಟ್ಟೆಗಳಲ್ಲಿ, ಬಾಡಿದ ಸೊಪ್ಪಿನಡಿಯ ತೇವಕ್ಕೆ ಹುಳುಗಳು ಮೆತ್ತಗಾಗಿ ಸತ್ತುಹೋಗಿದ್ದವು. ಅವಳು ಒಂದೊಂದನ್ನೇ ಬೆರಳಲ್ಲಿ ಮುಟ್ಟಿ ನೋಡಿ, ಮೊರಕ್ಕೆ ತುಂಬಿ, ತಿಪ್ಪೆಗೆ ಹೊತ್ತಳು. ಮೂರು ಸಲ. ಆ ಮೂರು ಸಲವೂ ಬಾಗಿಲು ಬಿಟ್ಟುಕೊಟ್ಟು ನಿಂತದ್ದೊಂದೇ ನಾನು ಮಾಡಿದ ಸಹಾಯ.

"ಬಯ್ದಾದರೂ ಬಿಡೇ," ಅಂದೆ.

"ಬಯ್ಯೋಕೆ ನಿಮ್ಮ ಚಿತ್ರದಲ್ಲಿ ಚೌಕ ಎಲ್ಲೈತೆ?"

ಸಂಜೆಗೆ ನನ್ನ ನಕ್ಷೆಯ ಮೇಲೆಯೇ ಇದ್ದಿಲಿನ ಸಾಲುಗಳು ಮತ್ತೆ ಎದ್ದವು. ಎಣಿಸಿದೆ. ಆರು.

"ಉಳಿದಿರೋದು ಐದೇ ತಟ್ಟೆಯಲ್ಲವೇನೇ? ಆರನೇ ಸಾಲು ಯಾರದು?"

ಅವಳು ಸೊಪ್ಪು ಕತ್ತರಿಸುತ್ತಲೇ ಅಂದಳು: "ಓದಿದೋರಲ್ವಾ, ಓದಿ."

ಆರನೇ ಸಾಲಿನಲ್ಲಿ ಗೀಟಿರಲಿಲ್ಲ. ದೊಡ್ಡದೊಂದು ಕತ್ತರಿ ಗುರುತು ಮಾತ್ರ. ಅಡುಗೆಮನೆಗೆ ಇಣುಕಿದೆ. ಮುದ್ದೆ ಮಡಕೆಯನ್ನು ತೊಳೆದು ಬೋರಲು ಹಾಕಿಟ್ಟಿದ್ದಳು.

ಈ ಭಾಷೆಗೆ ತರಬೇತಿಯೇ ಬೇಕಾಗಲಿಲ್ಲ. ಜ್ವರಕ್ಕೆ ಕೂತ ಹುಳುವಿನಂತೆ ಮೂಲೆಯಲ್ಲಿ ಕದಲದೆ ಕೂತೆ. ತಲೆಯೆತ್ತಲು ಮಾತ್ರ ಆಗಲಿಲ್ಲ.