ವೈನಿಗೆ ವಿದೇಶದ ಸುದ್ದಿ ಓದಿ ಹೇಳಿದ್ದು

ಹೆಂಗಸರಿಗೆ ರಾಜಕೀಯ ಯಾಕೆ ಎಂದು ಯಾರಾದರೂ ಅಂದರೆ ನಾನು ಈಗಲೂ ಮೆಲ್ಲಗೆ ಅಲ್ಲಿಂದ ಜಾಗ ಖಾಲಿ ಮಾಡುತ್ತೇನೆ. ತೊಂಬತ್ತರ ದಶಕದಲ್ಲಿ ಒಮ್ಮೆ ಅಂದವನು ನಾನೇ. ಅದೂ ಪುಣೆಯ ಧನಕವಡಿಯ ನಮ್ಮ ಅಡುಗೆಮನೆಯಲ್ಲಿ, ವೈನಿ, ಅಂದರೆ ಅತ್ತಿಗೆ, ರೊಟ್ಟಿ ಬಡಿಯುತ್ತಿದ್ದಾಗ. ಬಿ.ಕಾಂ. ಮುಗಿಸಿ ಅಣ್ಣ-ವೈನಿಯರ ಮನೆಯಲ್ಲಿ ಬಿದ್ದುಕೊಂಡಿದ್ದ ನನಗೆ ಗೊತ್ತಿದ್ದ ಕೆಲಸ ಎರಡೇ: ಕಂಡವರ ದನಿ ಅಣಕಿಸುವುದು, ವೈನಿಗೆ ಪೇಪರ್ ಓದಿ ಹೇಳುವುದು. ನಾರ್ವೆಯ ಹೆಂಗಸರು ಸರ್ಕಾರ ನಡೆಸುವುದನ್ನು ದಪ್ಪ ದನಿಯಲ್ಲಿ ಓದುತ್ತಿದ್ದೆ, ಕುವೈತಿನ ಹೆಂಗಸರು ಮತದ ಹಕ್ಕು ಕೇಳುವುದನ್ನು ಸಣ್ಣ ದನಿಯಲ್ಲಿ. ಬಾಂಗ್ಲಾದೇಶದಲ್ಲಿ ಗದ್ದುಗೆಯ ಮೇಲೂ ಹೆಂಗಸು, ಎದುರು ಬೆಂಚಿನಲ್ಲೂ ಹೆಂಗಸು ಎಂಬಲ್ಲಿ ಎರಡೂ ದನಿಯ ಜಗಳ. ವೈನಿ ನಗುತ್ತ ಕೇಳುತ್ತಿದ್ದರು. "ಇವೆಲ್ಲಾ ನಿಮಗ್ಯಾಕ್ರಿ ವೈನಿ?" ಎಂದುಬಿಟ್ಟೆ. ನಗು ನಿಂತಿತು. "ಈ ಫ್ಲಾಟ್ ಯಾರ ಹೆಸರಿನ್ಯಾಗ ಅದ, ಹೇಳೋ?"

ಹೌದಲ್ಲ! ವೈನಿಯ ತಂದೆ ಮಗಳ ಹೆಸರಿಗೇ ಮಾಡಿಸಿದ್ದ ಮನೆ. ಫ್ಲಾಟಿನವರ ಸೊಸೈಟಿಯ ಸದಸ್ಯೆ ವೈನಿ. ಎಂಟು ವರ್ಷದಿಂದ ವಾರ್ಷಿಕ ಸಭೆಗೆ ಹೋಗಿ, ಸಹಿ ಹಾಕಿ, ವಡಾ ತಿಂದು ಬರುತ್ತಿದ್ದವನು ಅಣ್ಣ. ಇದರಲ್ಲಿ ತಪ್ಪಿದೆಯೆಂದು ಕಟ್ಟಡದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮರುದಿನವೇ ವೈನಿ ಸೆಕ್ರೆಟರಿ ಚುನಾವಣೆಗೆ ಹೆಸರು ಕೊಟ್ಟರು. ಅವರಿಗೆ ಏನಾದರೂ ಅನ್ನುವ ಧೈರ್ಯ ಅಣ್ಣನಿಗಿಲ್ಲ. ನನ್ನನ್ನು ಬಾಲ್ಕನಿಗೆ ಎಳೆದೊಯ್ದ. "ಪೇಪರ್ ಓದಿ ತಲಿ ಕೆಡಿಸಿದಾಂವ ನೀ. ಆಕಿ ಸೋತು ಮಂದ್ಯಾಗ ನಗೆಪಾಟಲಾದ್ರ ಗಂಟು ಕಟ್ಟು. ಭೋರ ಊರಾಗ ಮಾಮಾನ ಅಂಗಡ್ಯಾಗ ಬೆಲ್ಲ ತೂಗ್ಕೋತ ಕೂಡು."

ಇನ್ನು ವೈನಿಯನ್ನು ಗೆಲ್ಲಿಸುವುದು ನನ್ನ ಪಾಲಿನ ಕೆಲಸವಾಯಿತು. ಎದುರಾಳಿ ಪರಾಂಜಪೆ ಕಾಕಾ, ಹಳೆಯ ಸೆಕ್ರೆಟರಿ. ಅವರಂತೆಯೇ ಕೆಮ್ಮಿ, ಕನ್ನಡಕ ಏರಿಸಿ ಭಾಷಣ ಮಾಡುವುದನ್ನು ವೈನಿಗೆ ಕಲಿಸಲು ಹೋದೆ. "ನನಗ ಕೆಮ್ಮು ಇಲ್ಲೋ ಮಾರಾಯಾ," ಎಂದರು.

ಭಾನುವಾರ ಟೆರೇಸಿನಲ್ಲಿ ಸಭೆ. ಕಾಕಾ ನೀರಿನ ಸಮಸ್ಯೆಯ ಬಗ್ಗೆ ಶುದ್ಧ ಮರಾಠಿಯಲ್ಲಿ ಅರ್ಧ ಗಂಟೆ ಭಾಷಣ ಹರಿಸಿದರು. ಬೆಲ್ಲದ ವಾಸನೆ ಆಗಲೇ ಮೂಗಿಗೆ ಬಡಿಯುತ್ತಿತ್ತು. ವೈನಿ ಎದ್ದು ಧಾರವಾಡದ ಎಳೆತದ ಮರಾಠಿಯಲ್ಲಿ ಒಂದೇ ಪ್ರಶ್ನೆ ಕೇಳಿದರು: ಮೂರನೇ ಮಹಡಿಗೆ ನೀರು ಎಷ್ಟು ಗಂಟೆಗೆ ಬರುತ್ತದೆ? ಕಾಕಾ ಖಜಾಂಚಿಯ ಮುಖ ನೋಡಿದರು, ಖಜಾಂಚಿ ಆಕಾಶ ನೋಡಿದ. ಉಳಿದ ಗಂಡಸರೆಲ್ಲ ಮೆಟ್ಟಿಲ ಬಳಿ ನಿಂತಿದ್ದ ತಂತಮ್ಮ ಹೆಂಡತಿಯರತ್ತ ತಿರುಗಿದರು. "ಸವ್ವಾ ಪಾಚ್!" ಐದೂಕಾಲೆಂದು ಇಡೀ ಮೆಟ್ಟಿಲು ಕೂಗಿತು. ಕೈ ಎತ್ತುವ ಹೊತ್ತಿಗೂ ಗಂಡಸರು ಇನ್ನೊಮ್ಮೆ ಮೆಟ್ಟಿಲತ್ತ ನೋಡಿಯೇ ಎತ್ತಿದರು.

ವೈನಿ ಗೆದ್ದರು, ನಾನು ಪುಣೆಯಲ್ಲಿ ಉಳಿದೆ. ವೈನಿ ಮನೆಗೆ ಬಂದವರೇ ನೀರಿನ ಸಮಿತಿ ಮಾಡಿ, ಬೆಳಗ್ಗೆ ಐದಕ್ಕೆ ವಾಲ್ವ್ ತಿರುಗಿಸಲು ನನ್ನ ಹೆಸರು ಬರೆದರು.

"ನನಗ ಇದರಾಗ ಆಸಕ್ತಿ ಇಲ್ರೀ ವೈನಿ!"

"ಹಂಗನಬ್ಯಾಡೋ," ಎಂದರು ಭಾಳ ಅಂತಃಕರಣದಿಂದ. "ಗಂಡಸರಿಗೂ ಒಂದು ಅವಕಾಶ ಕೊಟ್ಟು ನೋಡಬೇಕು. ಹಗೂರಕ ನೀವೂ ಮುಂದ ಬರ್ತೀರಿ."