ಮೂವತ್ತಾರನೆಯ ಹಲ್ಲು

ಮಾವನವರು ಹಿರಿಮಗಳ ಮನೆಯಿಂದ ಹಿಂತಿರುಗುವಷ್ಟರಲ್ಲಿ ಅವರ ಹಳೆಯ ಕಾರಿಗೆ ಮೆದುಳು ಕೂರಿಸಿಯೇ ತೀರುತ್ತೇನೆ! ಹೀಗೆಂದು ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದೆ. ಸಭೆಯಲ್ಲಿದ್ದವಳು ನನ್ನ ಹೆಂಡತಿ ಒಬ್ಬಳೇ. ಅವಳು ಚಪ್ಪಾಳೆ ತಟ್ಟಲಿಲ್ಲ.

"ವಾರಕ್ಕೊಂದ್ಸಲ ಸ್ಟಾರ್ಟ್ ಮಾಡಿ ಅಂತಷ್ಟೇ ಹೇಳಿ ಅಪ್ಪ ಕೀ ಕೊಟ್ಟಿದ್ದು. ಬೇರೇನೂ ಮುಟ್ಬೇಡಿ ಅಂತ ಕೈ ಬೇರೆ ಮುಗಿದ್ರು."

"ಮುಗೀಲಿ ಬಿಡು. ಬಂದ ಮೇಲೆ ಇನ್ನೊಂದ್ಸಲ ಮುಗೀತಾರೆ, ಖುಷಿಗೆ!"

ಮಗಳನ್ನು ಕಳಿಸಿಕೊಡುವಾಗ ಅಳದ ಆ ಮನುಷ್ಯ ಕಾರಿನ ಕೀ ಕೊಡುವಾಗ ಕಣ್ಣೊರೆಸಿಕೊಂಡಿದ್ದರು. ಅಳಿಯ ಯಾವ ಕೆಲಸಕ್ಕೂ ಬಾರದವನು ಎಂಬ ಅವರ ಬಹುಕಾಲದ ಅಭಿಪ್ರಾಯವನ್ನು ಸುಳ್ಳು ಮಾಡಲು ನನಗೆ ಸಿಕ್ಕಿದ್ದು ಇದೊಂದೇ ಅವಕಾಶ. ಅದೂ ಅಲ್ಲದೆ ನಾನೇನು ಸಾಮಾನ್ಯನೇ? ಫ್ಯಾನು, ಇಸ್ತ್ರಿಪೆಟ್ಟಿಗೆ, ಬಟ್ಟೆ ಒಗೆಯುವ ಯಂತ್ರಗಳ ಜೊತೆ ಬರುವ ಬಳಕೆಯ ಕೈಪಿಡಿ ಬರೆಯುವವನು! ಯಂತ್ರ ಯಾವುದಾದರೇನು, ನನ್ನ ಲೇಖನಿಗೆ ಹೆದರಲೇಬೇಕು.

ಯೋಜನೆ ಸರಳ. ಎಂಜಿನ್ನಿಗೆ ಕಿಡಿ ಹಂಚುವ ಹಳೇ ಡಿಸ್ಟ್ರಿಬ್ಯೂಟರನ್ನು ಕಿತ್ತುಹಾಕಿ, ಆ ಕೆಲಸವನ್ನು ಪುಟ್ಟ ಕಂಪ್ಯೂಟರಿಗೆ ವಹಿಸುವುದು. ಆದರೆ ಕಂಪ್ಯೂಟರಿಗೆ ಕಣ್ಣಿಲ್ಲ. ಎಂಜಿನ್ ಯಾವ ಕ್ಷಣದಲ್ಲಿ ಎಷ್ಟು ತಿರುಗಿದೆ ಎಂದು ಯಾರಾದರೂ ಹೇಳಬೇಕು. ಅದಕ್ಕಾಗಿ ಎಂಜಿನ್ನಿನಲ್ಲಿ ತಿರುಗುವ ದಂಡದ, ಅಂದರೆ ಕ್ರ್ಯಾಂಕ್‌ಶಾಫ್ಟಿನ ತುದಿಗೆ ಹಲ್ಲಿನ ಚಕ್ರ ಒಂದು, ಅದರ ಪಕ್ಕದಲ್ಲಿ ಹಲ್ಲೆಣಿಸುವ ಸೆನ್ಸರ್ ಒಂದು.

ಇಲ್ಲಿಂದ ನನ್ನ ನಿದ್ದೆ ಹಾರಿತು. ಅರವತ್ತು ಹಲ್ಲಿನ ಚಕ್ರವೋ, ಮೂವತ್ತಾರರದೋ? ಅರವತ್ತರದ್ದು ನಿಖರ, ಆದರೆ ನಮ್ಮ ಕಾರಿನಲ್ಲಿ ಆ ತುದಿಯ ರಾಟೆ ಪುಟ್ಟದು, ಅದಕ್ಕೆ ಹೊಂದುವ ಚಕ್ರದಲ್ಲಿ ಅರವತ್ತು ಹಲ್ಲು ತೀರಾ ಸಣ್ಣ. ಸೆನ್ಸರ್ ಮ್ಯಾಗ್ನೆಟಿಕ್ಕೋ, 'ಹಾಲ್' ಎಂಬ ಎಲೆಕ್ಟ್ರಾನಿಕ್ ಜಾತಿಯದೋ? ಮೊದಲನೆಯದಕ್ಕೆ ಎಂಜಿನ್ ನಿಧಾನ ತಿರುಗಿದರೆ ದನಿಯೇ ಹೊರಡದು. ಎರಡನೆಯದು ಕರೆಂಟು ಕೊಡದಿದ್ದರೆ ಬಾಯಿಯೇ ಬಿಡದು. ಮನೆ ಕೊಳ್ಳುವಾಗಲೂ ನಾನು ಇಷ್ಟು ಒದ್ದಾಡಿರಲಿಲ್ಲ. ಕೊನೆಗೆ ಮೂವತ್ತಾರರ ಚಕ್ರ ಒಂದನ್ನೂ ಎರಡೂ ಜಾತಿಯ ಸೆನ್ಸರುಗಳನ್ನೂ ತರಿಸಿದೆ. ಜೊತೆಗೆ ಬಂದ ಕೈಪಿಡಿಯನ್ನು ಪೊಟ್ಟಣದ ಸಮೇತ ಕಸದ ಬುಟ್ಟಿಗೆ ಹಾಕಿದೆ. ಕೈಪಿಡಿ ಬರೆಯುವವರು ಯಾರೂ ಕೈಪಿಡಿ ಓದುವುದಿಲ್ಲ.

ಮೇಜಿನ ಮೇಲಿದ್ದ ಚಕ್ರವನ್ನು ಹೆಂಡತಿ ತಿರುವಿ ನೋಡಿದಳು.

"ರೀ, ಒಂದು ಹಲ್ಲೇ ಇಲ್ವಲ್ರೀ ಇದಕ್ಕೆ!"

"ಅದು ಹಾಗೇ ಇರೋದು."

"ಹಾಗೇ ಅಂದ್ರೆ?"

"ನಿನಗೆ ಅರ್ಥ ಆಗಲ್ಲ ಬಿಡೇ."

ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ಒಳಗೆ ಹೋದಳು. ಆ ನೋಟದಲ್ಲಿದ್ದದ್ದು ಮೆಚ್ಚುಗೆ ಎಂದುಕೊಂಡೆನಲ್ಲ, ನನ್ನ ಬುದ್ಧಿಗಿಷ್ಟು!

ಭಾನುವಾರ ಸಂಜೆ ಮಾವನವರ ರೈಲು. ಭಾನುವಾರ ಬೆಳಗ್ಗೆ ಕೆಲಸ ಶುರು. ಡಿಸ್ಟ್ರಿಬ್ಯೂಟರ್ ಕಿತ್ತೆ. ಚಕ್ರ ಕೂರಿಸಿದೆ. ಬೋಲ್ಟಿನ ತೂತುಗಳು ಒಂದೇ ರೀತಿಯಲ್ಲಿ ಹೊಂದುತ್ತಿದ್ದುದರಿಂದ ಬೇರೇನೂ ನೋಡುವ ಗೋಜಿಗೆ ಹೋಗಲಿಲ್ಲ. ಲ್ಯಾಪ್‌ಟಾಪ್ ತೆರೆದು, ದೇವರಿಗೆ ಕೈಮುಗಿದು, ಕೀ ತಿರುಗಿಸಿದೆ.

ಕರ್ರ್... ಕರ್ರ್... ಕರ್ರ್... ಎಂಜಿನ್ ಹತ್ತಲಿಲ್ಲ. 'ಎಂಜಿನ್ ಸ್ಥಾನ ತಿಳಿಯುತ್ತಿಲ್ಲ' ಎಂದಿತು ಪರದೆ. ಸೆನ್ಸರ್ ಬದಲಿಸಿದೆ. ತಿಳಿಯುತ್ತಿಲ್ಲ. ವೈರು ಅದಲುಬದಲು ಮಾಡಿದೆ. ತಿಳಿಯುತ್ತಿಲ್ಲ! ಹಲ್ಲಿಗೂ ಸೆನ್ಸರಿಗೂ ನಡುವಿನ ಸಂದನ್ನು ವಿಸಿಟಿಂಗ್ ಕಾರ್ಡ್ ತೂರಿಸಿ ಅಳೆದೆ. ಊಹೂಂ. ಮಧ್ಯಾಹ್ನದ ಹೊತ್ತಿಗೆ ಕೈಯಿಂದ ಸ್ಪ್ಯಾನರ್ ಜಾರತೊಡಗಿತು. ಆಗಲೇ ಮಾವನವರ ಫೋನು.

"ಅಳಿಯಂದ್ರೇ, ರೈಲು ಸರಿಯಾದ ಟೈಮಿಗೇ ಬರ್ತಿದೆ. ಕಾರು ತರ್ತೀರಲ್ವಾ? ಒಂದು ತಿಂಗಳಾಯ್ತು ಅದರ ಸದ್ದು ಕೇಳಿ."

"ಓ, ತರ್ತೀನಿ ಮಾವ! ಹೊಸದರ ಹಾಗಿದೆ!"

"ಹೊಸದರ ಹಾಗಾ? ಯಾಕೆ, ಏನಾಯ್ತು?"

ಫೋನು ಇಟ್ಟೆ. ಜೀವನದಲ್ಲಿ ಮೊದಲ ಬಾರಿಗೆ ಆ ಮನುಷ್ಯ ನನ್ನನ್ನು ನಂಬಿದ್ದರು. ನಾನು ಆ ನಂಬಿಕೆಯನ್ನು ಬೋಲ್ಟು ಬೋಲ್ಟಾಗಿ ಬಿಚ್ಚಿ ಗೋಣಿತಾಟಿನ ಮೇಲೆ ಹರಡಿದ್ದೆ. ಹೆಂಡತಿಗೆ ಟಾರ್ಚ್ ಹಿಡಿಯಲು ಹೇಳಿ, ಕಾರಿನ ಕೆಳಗೆ ತೆವಳಿ, ಕೊನೆಯ ಪ್ರಯತ್ನವೆಂದು ಚಕ್ರದ ಹಲ್ಲುಗಳನ್ನು ಒಂದೊಂದಾಗಿ ಎಣಿಸಿದೆ. ಮೂವತ್ತಾರು. ಮತ್ತೆ ಎಣಿಸಿದೆ. ಮೂವತ್ತಾರೇ!

"ಇದೇನೇ ಇದು? ಮೂವತ್ತೈದು ಇರಬೇಕಿತ್ತು!"

"ಅಂತೂ ಕಣ್ಣಿಗೆ ಬಿತ್ತಾ?" ಅವಳ ಮುಖ ಅರಳಿತು. "ಗೇಟು ಮಾಡ್ತಾನಲ್ಲ ವೆಲ್ಡರ್, ಅವನ ಹತ್ರ ಕೂರಿಸ್ಕೊಂಡು ಬಂದೆ. ಪಾಪ, ಮುರಿದಿರೋ ಮಾಲು ತಂದು ಮೋಸ ಹೋಗಿದೀರಿ, ಹೇಳ್ಕೊಳ್ಳೋಕೆ ನಾಚಿಕೆ ಪಡ್ತಿದೀರಿ ಅಂದ್ಕೊಂಡೆ."

"ಅಯ್ಯೋ! ಆ ಖಾಲಿ ಜಾಗ ನೋಡಿಯೇ ಕಣೇ ಕಂಪ್ಯೂಟರು ಸುತ್ತು ಎಲ್ಲಿಂದ ಶುರು ಅಂತ ತಿಳ್ಕೊಳ್ಳೋದು! ಎಲ್ಲಾ ಹಲ್ಲೂ ಒಂದೇ ಥರ ಇದ್ರೆ ಅದಕ್ಕೆ ತಲೆ ಯಾವುದು, ಬಾಲ ಯಾವುದು?"

"ಅಷ್ಟೇನಾ? ಇಷ್ಟು ಸುಲಭವಾಗಿ ಅರ್ಥ ಆಗುತ್ತಲ್ಲ! ಅವತ್ತೇ ಹೇಳೋಕೇನಾಗಿತ್ತು?"

ಎದ್ದು ಹೋಗಿ ಅದೇ ವೆಲ್ಡರನಿಂದ ಗ್ರೈಂಡರ್ ತಂದೆ.

"ಕೂರಿಸಿದ ಹಲ್ಲು ಯಾವುದೇ?"

"ಗೊತ್ತಾಗಲ್ಲ. ಗುರುತೇ ಸಿಗದ ಹಾಗೆ ಮಾಡಿ, ಬಣ್ಣ ಹಚ್ಚಿಕೊಡಪ್ಪ ಅಂತ ನಾನೇ ಹೇಳಿದ್ದೆ."

ಸವರಿದೆ, ಮೂಸಿದೆ, ಉಗುರಿನಿಂದ ಕೆರೆದೆ. ದರಿದ್ರದವನು ಎಂಥ ಕೆಲಸಗಾರ! ಗಡಿಯಾರ ನೋಡಿದರೆ ರೈಲಿನ ಹೊತ್ತು ಹತ್ತಿರ. ಕಣ್ಣು ಮುಚ್ಚಿ ಒಂದು ಹಲ್ಲನ್ನು ಆರಿಸಿ ಕತ್ತರಿಸಿಯೇಬಿಟ್ಟೆ. ಕೀ ತಿರುಗಿಸಿದೆ. ಪರದೆ 'ಎಂಜಿನ್ ಸ್ಥಾನ ತಿಳಿಯಿತು' ಎಂದಿತು! ಗೆದ್ದೆ ಎಂದು ಕೂಗಲು ಬಾಯಿ ತೆರೆದೆ.

ಢಮಾರ್!

ಹಲ್ಲು ಹೋಗಿದ್ದು ತಪ್ಪು ಜಾಗದಲ್ಲಿ. ಹಾಗಾಗಿ ಕಿಡಿ ಹಾರಿದ್ದು ತಪ್ಪು ಹೊತ್ತಿನಲ್ಲಿ. ಕಾರ್ಬುರೇಟರ್ ಕೆಮ್ಮಿದ ರಭಸಕ್ಕೆ ಏರ್ ಫಿಲ್ಟರಿನ ಮುಚ್ಚಳ ಹಾರಿ ಪಕ್ಕದ ಮನೆಯ ಹೂಕುಂಡದೊಳಗೆ ಬಿತ್ತು. ಬೀದಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಕಿವಿಯ ಗುಂಯ್ ನಿಂತು ನೋಡುತ್ತೇನೆ, ಹೆಂಡತಿಯೂ ಇಲ್ಲ, ಅವಳ ಸ್ಕೂಟರೂ ಇಲ್ಲ.

ಸ್ವಲ್ಪ ಹೊತ್ತಿನಲ್ಲಿ ಸ್ಕೂಟರ್ ಗೇಟಿನೊಳಗೆ ಬಂತು. ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ಸೂಟ್‌ಕೇಸ್ ಇಟ್ಟುಕೊಂಡು, ಮಾವನವರು! ಇಳಿದವರು ನನ್ನನ್ನು ನೋಡಲಿಲ್ಲ. ಬಾನೆಟ್ಟಿನ ಒಳಗೆ ಇಣುಕಿ, ರೋಗಿಯ ಹಣೆ ಮುಟ್ಟುವಂತೆ ಎಂಜಿನ್ ಮುಟ್ಟಿದರು. ನಾನು ತಲೆ ತಗ್ಗಿಸಿ, ಒಂದನ್ನೂ ಮುಚ್ಚಿಡದೆ ಎಲ್ಲವನ್ನೂ ಒಪ್ಪಿಸಿದೆ.

ಅವರು ಕೇಳಿದ್ದು ಒಂದೇ ಮಾತು. "ಹಳೇ ಡಿಸ್ಟ್ರಿಬ್ಯೂಟರ್ ಎಲ್ಲಿ?"

ಗೋಣಿತಾಟಿನ ಕಡೆ ತಿರುಗಿದೆ. ಅಲ್ಲಿರಲಿಲ್ಲ! ಕಾರಿನ ಕೆಳಗೆ, ಕಸದ ಬುಟ್ಟಿಯಲ್ಲಿ, ಹೂಕುಂಡದಲ್ಲಿ, ಎಲ್ಲೂ ಇಲ್ಲ. ಮಾವನವರು ಮೆಟ್ಟಿಲ ಮೇಲೆ ಕುಸಿದು ಕೂತರು.

ಅಷ್ಟರಲ್ಲಿ ಹೆಂಡತಿ ಒಳಗಿನಿಂದ ಒಂದು ಬಟ್ಟೆಚೀಲ ತಂದು ಅಪ್ಪನ ಮುಂದೆ ಬಿಚ್ಚಿದಳು. ಡಿಸ್ಟ್ರಿಬ್ಯೂಟರ್, ಅದರ ವೈರುಗಳು, ಬೋಲ್ಟುಗಳು. ಒರೆಸಿ, ಒಂದೊಂದನ್ನೂ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ, ಯಾವುದು ಎಲ್ಲಿಯದು ಎಂದು ಚೀಟಿ ಅಂಟಿಸಿದ್ದಳು. ಮಾವನವರ ಮುಖಕ್ಕೆ ರಕ್ತ ಮರಳಿತು. ಅಂಗಿಯ ತೋಳು ಮಡಚಿ ಎದ್ದು, ಸ್ಪ್ಯಾನರನ್ನು ನನ್ನ ಮೂಗಿನ ಮುಂದಿನಿಂದ ದಾಟಿಸಿ ಮಗಳ ಕೈಗೆ ಕೊಟ್ಟರು. ಟಾರ್ಚ್ ನನ್ನ ಪಾಲಿಗೆ ಬಂತು.

ಅವಳು ಬೋಲ್ಟು ಬಿಗಿಯುತ್ತಿದ್ದಾಗ ಮೆಲ್ಲಗೆ ಕೇಳಿದೆ.

"ಇದನ್ನೆಲ್ಲ ಯಾವಾಗ ಎತ್ತಿಟ್ಟೆ?"

"ನೀವು ಕಿತ್ತ ತಕ್ಷಣ."

"ಅಂದ್ರೆ ನನ್ನ ಮೇಲೆ ನಿನಗೆ ಒಂಚೂರೂ ನಂಬಿಕೆ ಇರಲಿಲ್ವೇನೇ?"

"ಪೂರ್ತಿ ನಂಬಿಕೆ ಇತ್ತು ಕಣ್ರೀ. ಅದಕ್ಕೇ ಎತ್ತಿಟ್ಟಿದ್ದು."